ಸತ್ತವಳ ಹೆಸರೇನು?

ಕೊಲೆ ಪ್ರಕರಣಗಳ ಪಾಡ್‌ಕಾಸ್ಟ್ ಕೇಳುವವರೆಲ್ಲ ಮನೆಯಲ್ಲೇ ನ್ಯಾಯಪೀಠ ಹಾಕಿಕೊಂಡಿದ್ದಾರೆ, ಅವರ ಕುತೂಹಲದಿಂದ ಪ್ರಯೋಜನವೇ ಇಲ್ಲ ಎಂದು ಈ ಪಾಡ್‌ಕಾಸ್ಟ್‌ಗಳ ಕುರಿತ ಲೇಖನವೊಂದರಲ್ಲಿ ಲೇಖಕರು ಛೇಡಿಸಿದ್ದಾರೆ. ಮೊದಲ ಮಾತು ಒಪ್ಪಿದೆ. ನನ್ನ ಪೀಠ ಮಾತ್ರ ದಾವಣಗೆರೆ–ಚಿತ್ರದುರ್ಗ ಬಸ್ಸಿನ ಕಿಟಕಿ ಪಕ್ಕದ ಸೀಟು. ಅಮೆರಿಕದ ಒಂದು ಹಳೆಯ ಕೊಲೆ ಪ್ರಕರಣವನ್ನು ಕೆದಕಿದ 2014ರ ‘ಸೀರಿಯಲ್’ ಪಾಡ್‌ಕಾಸ್ಟ್ ಸರಣಿಯನ್ನು ನಾನು ಕೇಳಿ ಮುಗಿಸಿದ್ದು ಅಲ್ಲೇ. ಬೆಳಿಗ್ಗೆ ಭರಮಸಾಗರ ದಾಟುವಷ್ಟರಲ್ಲಿ, ಆ ಕೊಲೆಗೆ ಶಿಕ್ಷೆಯಾದ ಅದ್ನಾನ್ ಸೈಯದ್ ನಿರಪರಾಧಿ. ಸಂಜೆ ಅದೇ ಊರು ಬರುವ ಹೊತ್ತಿಗೆ ಅವನೇ ಕೊಲೆಗಾರ. ಎರಡಕ್ಕೂ ನನ್ನ ಬಳಿ ವಾದಗಳಿದ್ದವು!

ಒಂದು ದಿನ ಮೊಬೈಲ್ ಟವರ್ ದಾಖಲೆಯ ಬಗ್ಗೆ ಕೊರೆಯುತ್ತಿದ್ದಾಗ ಪಕ್ಕದಲ್ಲಿದ್ದ ಸಹೋದ್ಯೋಗಿ, ‘ಅದಿರಲಿ, ಸತ್ತ ಹುಡುಗಿಯ ಹೆಸರೇನು?’ ಎಂದರು. ತಕ್ಷಣ ಹೊಳೆಯಲಿಲ್ಲ. ಇಯರ್‌ಫೋನ್ ತಂತಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತೆ. ಅವಳು ಹೇ ಮಿನ್ ಲೀ. 1999ರ ಜನವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ಭಾಗದಲ್ಲಿ ಕೊಲೆಯಾದಾಗ ಅವಳಿಗೆ 18 ವರ್ಷ. ಯಾವ ಕರೆ ಎಷ್ಟು ಗಂಟೆಗೆ ಬಂತು ಎಂಬುದು ನನಗೆ ಬಾಯಿಪಾಠವಾಗಿತ್ತು.

ಕೇಳುಗರ ಕುತೂಹಲದಿಂದ ಪ್ರಯೋಜನವೇ ಇಲ್ಲ ಎಂಬ ಲೇಖಕರ ಮಾತನ್ನು ಮಾತ್ರ ಒಪ್ಪಲಾರೆ. ಆ ಸರಣಿ ಬಂದಿರದಿದ್ದರೆ ಹಳೆಯ ಕಡತದ ಮೇಲೆ ಜಗತ್ತಿನ ಕಣ್ಣು ಬೀಳುತ್ತಿರಲಿಲ್ಲ. ಆದರೆ ಕಥೆ ಎಲ್ಲಿ ಮುಗಿಯಿತು? 2022ರಲ್ಲಿ ನ್ಯಾಯಾಲಯ ಅದ್ನಾನ್ ತಪ್ಪಿತಸ್ಥ ಎಂಬ ನಿರ್ಣಯವನ್ನು ರದ್ದುಪಡಿಸಿತು, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಮರಳಿ ಜಾರಿಗೆ ತಂದಿತು. 2025ರಲ್ಲಿ ಅನುಭವಿಸಿದ ಸೆರೆವಾಸವೇ ಸಾಕೆಂದಾಯಿತು, ನಿರ್ಣಯ ಮಾತ್ರ ಹಾಗೆಯೇ ಉಳಿಯಿತು. 2022ರ ವಿಚಾರಣೆಯಲ್ಲಿ ಹೇ ಮಿನ್ ಲೀಯ ತಮ್ಮ ತನಗಿದು ಪಾಡ್‌ಕಾಸ್ಟ್ ಅಲ್ಲ, ನಿಜ ಜೀವನ ಎಂದಿದ್ದ. ಲೇಖನದಲ್ಲಿ ಆ ತಮ್ಮನಿಗೆ ಒಂದು ಸಾಲೂ ಸಿಕ್ಕಿಲ್ಲ.