ಐವತ್ತು ರೂಪಾಯಿಯ ರಜೆ

ದೊಡ್ಡಮ್ಮನ ವೈಕುಂಠ ಸಮಾರಾಧನೆಯ ದಿನ, ಸರಿಯಾಗಿ ಹೋಳಿಗೆ ಬಡಿಸುವ ಹೊತ್ತಿಗೆ ಬಡಾವಣೆ ಸಂಘದ ಕಾರ್ಯದರ್ಶಿಗಳು ಎದ್ದು ನಿಂತು, "ಆ ಮಹಾತಾಯಿ ಮೂಕಪ್ರಾಣಿಗಳ ಪಾಲಿನ ದೇವರು" ಅಂದುಬಿಟ್ಟರು. ತುಪ್ಪ ಹಾಕಿಸಿಕೊಳ್ಳಲು ಚಾಚಿದ್ದ ನನ್ನ ಕೈ ಅಲ್ಲೇ ನಿಂತಿತು. ಬೀದಿನಾಯಿಗೆ ಅನ್ನ ಹಾಕುತ್ತಾಳೆಂದು ಅವಳ ಮೇಲೆ ಪಾಲಿಕೆಗೆ ಅರ್ಜಿ ಗುಜರಾಯಿಸಿದ್ದ ಮಹಾನುಭಾವರು ಇವರೇ. ನಾಯಿಗಳಿಗೆ ಊಟ ಹಾಕಲು ಜಾಗ ಗೊತ್ತುಮಾಡಬೇಕಾದವರು ಇಂಥ ಸಂಘದವರೇ ಅಂತ ಬೀದಿನಾಯಿಗಳ ಸಂತಾನ ನಿಯಂತ್ರಣದ 2023ರ ನಿಯಮಗಳಲ್ಲಿ ಬರೆದಿದೆ. ಓದುವ ಪುರುಸೊತ್ತು ಅವರಿಗೆಲ್ಲಿ? ಸತ್ತವರು ಎದ್ದು ಬಂದು ಜವಾಬು ಕೊಡುವುದಿಲ್ಲವೆಂಬ ಧೈರ್ಯ ಜನರಿಂದ ಏನೇನೋ ಮಾತಾಡಿಸುತ್ತದೆ.

ದೇವರೂ ಅಲ್ಲ, ಗೀವರೂ ಅಲ್ಲ. ಗಟ್ಟಿ ಹಾಲು ಬೆಕ್ಕುಗಳಿಗೆ, ಮಿಕ್ಕಿದ್ದಕ್ಕೆ ನೀರು ಬೆರೆಸಿ ನಮಗೆ ಕಾಫಿ. ಕುರ್ಚಿಯ ಮೇಲೆ ಬೆಕ್ಕು ಮಲಗಿದ್ದರೆ ಬೀಗರೂ ನಿಂತೇ ಮಾತಾಡಬೇಕು. ಪ್ರಾಣಿಗಳನ್ನು ಪ್ರೀತಿಸುವವರ ಮನಸ್ಸು ಬೆಣ್ಣೆ ಅಂತ ಯಾರೋ ಹಬ್ಬಿಸಿದ್ದಾರೆ. ಅದು ನಿಜವೋ ಸುಳ್ಳೋ ವಿಚಾರಿಸೋಣವೆಂದೇ ಬರೆಯಲು ಕೂತೆ. ಆದರೆ ಮೊದಲು ಟಾಂಗಾದ ಕತೆ ಆಗಲಿ.

ದಸರಾ ಹತ್ತಿರ ಬಂದಿತ್ತು. ಮೈಸೂರಿನ ಟಾಂಗಾದವರಿಗೆ ಕೈತುಂಬ ಬಾಡಿಗೆ ಸಿಗುವ ಕಾಲ. ಹೆಗಲ ಮೇಲೆ ಅಂಗೈಯಗಲ ಹುಣ್ಣಾಗಿದ್ದ ಕುದುರೆಗೆ ಒಬ್ಬ ಹುಡುಗ ಚಾಟಿ ಬೀಸುತ್ತಿದ್ದುದನ್ನು ಕಂಡ ದೊಡ್ಡಮ್ಮ, ಗಾಡಿಯ ಮುಂದೆ ಅಡ್ಡ ನಿಂತು, ಅದೇ ಗಾಡಿ ಹತ್ತಿ, ಅವನ ಕೈಲೇ ಪೊಲೀಸ್ ಸ್ಟೇಷನ್ನಿಗೆ ಹೊಡೆಸಿಕೊಂಡು ಹೋದಳು. ಬಾಡಿಗೆಯನ್ನೂ ಕೊಟ್ಟಳಂತೆ. ಅಲ್ಲಿದ್ದ ಸಾಹೇಬರು ಸಮಾಧಾನವಾಗಿ ಕಾನೂನು ತಿಳಿಸಿದರು: ಕೋರ್ಟಿಗೆ ಹೋಗಬೇಕು, ಮೊದಲ ಸಲದ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡ.

ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿ, ಬೆನ್ನುಹತ್ತಿ, ಕೊನೆಗೆ 1960ರಲ್ಲಿ ಬಂದ ಪ್ರಾಣಿಹಿಂಸೆ ತಡೆ ಕಾಯ್ದೆ ಅದು. ಇವತ್ತಿಗೂ ದಂಡ ಅಷ್ಟೇ. ಮಸಾಲೆದೋಸೆಯ ಬೆಲೆ ಏರಿಸುವವರಿಗೆ ಇರುವ ಜ್ಞಾಪಕಶಕ್ತಿ ಪಾರ್ಲಿಮೆಂಟಿಗೆ ಇರಬಾರದೇ?

ದೊಡ್ಡಮ್ಮ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದಳು. ಕೋರ್ಟು, ವಾಯಿದೆ, ಅಷ್ಟು ದಿನವೂ ಆ ಕುದುರೆ ಗಾಡಿ ಎಳೆಯುತ್ತಲೇ ಇರಬೇಕು. "ತಗೋಳಪ್ಪ, ಆ ಐವತ್ತು ನಾನೇ ಕೊಡ್ತೀನಿ. ಇವತ್ತು ಅದಕ್ಕೆ ರಜೆ" ಅಂದಳು. ಕುದುರೆಯನ್ನು ಮನೆಗೆ ಹೊಡೆಸಿಕೊಂಡು ಬಂದು, ಹುಣ್ಣನ್ನು ಉಪ್ಪುನೀರಲ್ಲಿ ತೊಳೆದು, ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚಿದಳು. ಹುಡುಗನಿಗೆ ಉಪ್ಪಿಟ್ಟು.

ಮಾರನೆಯ ದಿನ ಅವನ ಚಿಕ್ಕಪ್ಪನ ಮಗ ಇನ್ನೊಂದು ಕುದುರೆ ಹೊಡಕೊಂಡು ಬಂದ. ಅದರ ಮಾರನೆಯ ದಿನ ಗೇಟಿನ ಮುಂದೆ ಟಾಂಗಾಗಳ ಸಾಲು. ಮೈಸೂರಿನ ಕುದುರೆಗಳಿಗೆಲ್ಲ ಒಂದೇ ವಾರದಲ್ಲಿ ಹೆಗಲು ಕಿತ್ತುಹೋಗಿತ್ತು! ಪೆನ್ಷನ್ ದುಡ್ಡು ಕರಗುತ್ತಿದೆಯೆಂದು ದೊಡ್ಡಪ್ಪ ಮಾತು ಬಿಟ್ಟರು. ಅವಳಿಗೆ ಅದೂ ಒಂದು ಅನುಕೂಲವೇ ಆಯಿತು. ಒಂದು ದಿನ ಬಿಳಿ ಕುದುರೆಯೊಂದರ ಹುಣ್ಣು ತೊಳೆದರೆ ಬಟ್ಟೆಗೆ ಕೆಂಪು ಹತ್ತಿತು, ಕೆಳಗೆ ಚರ್ಮ ನುಣ್ಣಗಿತ್ತು. ಕುಂಕುಮ. ಪಕ್ಕದಲ್ಲಿ ಬಕೆಟ್ ಹಿಡಿದಿದ್ದ ನಾನು, "ದೊಡ್ಡಮ್ಮಾ, ಮೋಸ!" ಅಂತ ಕೂಗಿದೆ. ಅವಳು ಸೆರಗಿನ ಗಂಟು ಬಿಚ್ಚಿ ಐವತ್ತು ತೆಗೆದು ಕೊಟ್ಟೇಬಿಟ್ಟಳು. "ಬಾಯ್ಮುಚ್ಚೋ. ರಜೆ ಬೇಕಂದ್ರೆ ಗಾಯ ಆಗ್ಲೇಬೇಕೇನೋ? ನಿಮ್ಮಪ್ಪ ಆಫೀಸಿಗೆ ಹೊಟ್ಟೆನೋವು ಅಂತ ಚೀಟಿ ಬರೆದು ಕಳಿಸೋದು ನಂಗೊತ್ತಿಲ್ವಾ?"

ದಸರಾ ಮುಗಿದ ಮೇಲೆ ಸಾಲು ತಾನಾಗಿ ಕರಗಿತು. ಮೊದಲ ಹುಡುಗ ಮಾತ್ರ ಬರುತ್ತಲೇ ಇದ್ದ, ಕುದುರೆ ತೋರಿಸಲೋ ಉಪ್ಪಿಟ್ಟಿಗೋ ಹೇಳಲಾರೆ.

ಹಾಂ, ಮನಸ್ಸು ಬೆಣ್ಣೆಯೋ ಅಲ್ಲವೋ ಎಂಬ ವಿಚಾರ ಹಾಗೇ ಉಳಿಯಿತು. ಇರಲಿ. ಆ ಹುಡುಗ ಈಗ ಆಟೋ ಓಡಿಸುತ್ತಾನೆ, ತಲೆ ನರೆತಿದೆ. ಮೊನ್ನೆ ರೈಲ್ವೆ ಸ್ಟೇಷನ್ ಹತ್ತಿರ ಸಿಕ್ಕ. ದೊಡ್ಡಮ್ಮ ಹೋಗಿಬಿಟ್ಟಳು ಅಂದೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ, "ಅಮ್ಮಾವ್ರು..." ಅಂತ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ಇಳಿಯುವಾಗ ಮೀಟರಿನ ಮೇಲೆ ಮೂವತ್ತು ಜಾಸ್ತಿ ಕೇಳಿದ.