ಹೆದರುವವರು ಬೇರೆ ಇದ್ದಾರೆ

ಶಿವಮೊಗ್ಗ ಸೀಮೆಯವರಿಗೆ ವಿಮಾನದ ಮೇಲೆ ಎರಡು ದೂರುಗಳಿವೆ. ಅದರಲ್ಲಿ ಕೂರುವುದಕ್ಕೆ ಭಯವಾಗುತ್ತದೆ ಎನ್ನುವುದು ಒಂದು. ಸ್ವಲ್ಪ ಮೋಡ ಕವಿದರೂ ಅದು ಸೋಗಾನೆಯ ವಿಮಾನ ನಿಲ್ದಾಣದ ಮೇಲೆ ಸುತ್ತು ಹಾಕಿ, ಇಳಿಯದೆ ಬಂದ ದಾರಿಯಲ್ಲೇ ಬೆಂಗಳೂರಿಗೆ ಮರಳಿಬಿಡುತ್ತದೆ ಎನ್ನುವುದು ಇನ್ನೊಂದು. ವಿಶೇಷವೆಂದರೆ ಎರಡು ದೂರುಗಳನ್ನೂ ಹೇಳುವವರು ಒಬ್ಬರೇ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಎರಡನ್ನೂ ಹೇಳಿ ಮುಗಿಸುತ್ತಾರೆ.

ನಮ್ಮ ಮನೆಯಲ್ಲಿ ಹೀಗೆ ಹೇಳುವವರು ಚಿಕ್ಕಪ್ಪ. ತೀರ್ಥಹಳ್ಳಿ ಕಡೆಯ ತೋಟದವರು. "ಏನು ಮಹಾ ಮೋಡ! ನಮ್ಮ ಆಗುಂಬೆ ಬಸ್ಸಿನವನ ಕೈಗೆ ಕೊಟ್ಟಿದ್ದರೆ ಇಳಿಸಿಯೇ ಬಿಡುತ್ತಿದ್ದ" ಎಂದು ಪೈಲಟ್‌ಗಳ ಪುಕ್ಕಲುತನವನ್ನು ಹೀಯಾಳಿಸುತ್ತಾರೆ. ಇಳಿಸುತ್ತಿದ್ದ, ಅದರಲ್ಲಿ ನನಗೂ ಅನುಮಾನವಿಲ್ಲ. ನನಗೆ ಚಿಂತೆ ಹತ್ತುವುದೇ ಅಲ್ಲಿ.

ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಪ್ರಯಾಣಿಕರ ವಿಮಾನ ಬಂದಿಳಿದದ್ದು ಅದೇ ವರ್ಷ ಆಗಸ್ಟ್ 31ರಂದು. ರನ್‌ವೇ 3,200 ಮೀಟರ್ ಇದೆ. ರಾಜ್ಯದಲ್ಲಿ ಬೆಂಗಳೂರನ್ನು ಬಿಟ್ಟರೆ ಇಷ್ಟು ಉದ್ದದ್ದು ಬೇರೆಲ್ಲೂ ಇಲ್ಲ. ಅಷ್ಟುದ್ದದ ಹಾದಿಯಲ್ಲಿ ಪ್ರಯಾಣಿಕರನ್ನು ಹೊತ್ತು ಮೊದಲು ಬಂದಿಳಿದದ್ದು ಎರಡು ಪ್ರೊಪೆಲ್ಲರ್‌ಗಳ ಪುಟ್ಟ ಎಟಿಆರ್ ವಿಮಾನ. ನೆಂಟರಿಷ್ಟರೆಲ್ಲ ಆ ಕಮಲದಾಕಾರದ ಕಟ್ಟಡವನ್ನು ನೋಡಿ, ಫೋಟೊ ತೆಗೆಸಿಕೊಂಡು ಬಂದರು. ಹಿಂದಿರುಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದರು.

ಚಿಕ್ಕಪ್ಪನನ್ನು ಅಂಜುಕುಳಿ ಎನ್ನುವ ಹಾಗಿಲ್ಲ. ಮಳೆಗಾಲದಲ್ಲಿ ಹಳ್ಳ ಕೆಂಪಾಗಿ ಉಕ್ಕುವಾಗ ಪಾಚಿಗಟ್ಟಿದ ಎರಡು ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಾಲಿನ ಕ್ಯಾನು ಹಿಡಿದು ದಾಟುವವರು. ಹುಲ್ಲಿನ ಹೊರೆಯಿಂದ ಹಾವು ಇಳಿದು ಹೋದರೆ "ಹೋಗಲಿ ಬಿಡು" ಎನ್ನುವವರು. ಸಿಗಂದೂರಿನ ಲಾಂಚಿನಲ್ಲಿ, ಸೇತುವೆ ಆಗುವ ಮುಂಚಿನ ಕಾಲದಲ್ಲಿ, ಬಸ್ಸು, ಜೀಪು, ಜನ, ನಾಯಿ ಎಲ್ಲ ಒತ್ತೊತ್ತಾಗಿ ನಿಂತು ಶರಾವತಿಯ ಹಿನ್ನೀರು ದಾಟುವಾಗ ಅಂಚಿನ ಕಂಬಿಗೆ ಒರಗಿ ಕವಳ ಹಾಕಿದವರು. ಹರೆಯದಲ್ಲಿ ಅವರೇ ಕೊನೆ ತೆಗೆಯಲು ಮರ ಹತ್ತುತ್ತಿದ್ದರಂತೆ. ಐವತ್ತು ಅಡಿ ಎತ್ತರದ ಅಡಿಕೆ ಮರದ ನೆತ್ತಿಯಲ್ಲಿ ಕುಳಿತು, ಮರವನ್ನೇ ಅತ್ತ ಇತ್ತ ತೂಗಿ, ಪಕ್ಕದ ಮರವನ್ನು ಕೈಗೆ ಎಳೆದುಕೊಂಡು ದಾಟುವುದೆಂದರೆ ಏನೆಂದು ನೋಡಿದವರಿಗೇ ಗೊತ್ತು. ಕೆಳಗೆ ನಿಂತು ನೋಡುವವರ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಮೇಲಿದ್ದವನು ಮಾತ್ರ ಕೆಳಗಿನವರೊಡನೆ ಜಗಳವಾಡುತ್ತಿರುತ್ತಾನೆ.

ಇಂಥವರು ವಿಮಾನ ಎಂದರೆ ಬೆವರುತ್ತಾರೆ.

ಕೇಳಿದರೆ ಕಾರಣವನ್ನೂ ಕೊಡುತ್ತಾರೆ. ಮರದಲ್ಲಿ ಕೈ ತನ್ನದು, ಹಿಡಿತ ತನ್ನದು. ಬಸ್ಸಿನಲ್ಲಿ ಡ್ರೈವರನ ಮುಖ ಕಾಣುತ್ತದೆ, ತೂಕಡಿಸಿದರೆ ಹಿಂದಿನಿಂದ ಕೂಗಬಹುದು, ಹುಲಿಕಲ್ ಘಾಟಿಯಲ್ಲಾದರೆ ಚಂಡಿಕಾಂಬೆಗೆ ಕೈ ಮುಗಿದು ಕಾಣಿಕೆ ಹಾಕಬಹುದು. ವಿಮಾನದಲ್ಲಿ ಪೈಲಟ್ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಅವನ ದನಿ ಮಾತ್ರ ಬರುತ್ತದೆ, ಅದೂ ಅರ್ಥವಾಗದ ಹಾಗೆ. ನಮ್ಮ ಪಾಲಿಗೆ ಮಾಡಲು ಉಳಿದಿರುವುದು ಬೆಲ್ಟು ಬಿಗಿದುಕೊಂಡು ಸುಮ್ಮನೆ ಕೂರುವುದೊಂದೇ. ಏನೂ ಮಾಡಲಿಕ್ಕಿಲ್ಲದ ಕಡೆ ಮಲೆನಾಡಿನ ಮನುಷ್ಯ ಹೆದರದೆ ಇನ್ನೇನು ಮಾಡಬೇಕು?

ಅಂಕಿಸಂಖ್ಯೆಗಳನ್ನು ಹೇಳಿ ನೋಡಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಇದು ಸರ್ಕಾರವೇ ಕೊಟ್ಟ ಲೆಕ್ಕ. ಇತ್ತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2018ರಿಂದ 2022ರವರೆಗಿನ ಜಗತ್ತಿನ ವಿಮಾನಯಾನವನ್ನು ಲೆಕ್ಕ ಹಾಕಿ, ಸುಮಾರು 1 ಕೋಟಿ 37 ಲಕ್ಷ ಸಲ ಜನ ವಿಮಾನ ಹತ್ತಿದರೆ ಒಂದು ಸಾವು ಎಂದು ಹೇಳಿದ್ದಾರೆ. ಚಿಕ್ಕಪ್ಪ ಗಮನವಿಟ್ಟು ಕೇಳಿದರು. ಆಮೇಲೆ, "ಆ ಒಬ್ಬ ಯಾರು ಅಂತ ಬರೆದಿದ್ದಾರೋ?" ಎಂದರು. ಇದಕ್ಕೆ ಎಂಐಟಿಯವರಲ್ಲೂ ಉತ್ತರವಿರಲಾರದು.

ನಗುವಂಥ ಪ್ರಶ್ನೆಯೂ ಅಲ್ಲ. ಮಂಗಳೂರು ನಮಗೆ ಘಾಟಿ ಇಳಿದರೆ ಸಿಗುವ ಊರು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಅಂಚಿನಿಂದ ಕೆಳಗುರುಳಿ 158 ಜನ ಹೋದರು, ಉಳಿದವರು ಎಂಟು ಮಂದಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ, ಒಳಗಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರೇ. ಟಿವಿಯಲ್ಲಿ ಆ ಹೊಗೆಯನ್ನು ದಿನವಿಡೀ ನೋಡಿದವರಿಗೆ ಕೋಟಿಯ ಲೆಕ್ಕ ಕಿವಿಗೆ ಬೀಳುವುದಿಲ್ಲ. ರಸ್ತೆಯ ಸಾವು ಒಬ್ಬೊಬ್ಬರನ್ನಾಗಿ, ಇಬ್ಬಿಬ್ಬರನ್ನಾಗಿ ಕರೆದೊಯ್ಯುತ್ತದೆ, ಪತ್ರಿಕೆಯ ಒಳಪುಟದಲ್ಲಿ ಮುಗಿದುಹೋಗುತ್ತದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನಕ್ಕೆ ಬೆನ್ನು ಹಾಕಿ ಕಾರು ಹತ್ತಿದ ಅಮೆರಿಕನ್ನರಲ್ಲಿ, ಒಂದು ವರ್ಷದೊಳಗೆ ಸುಮಾರು 1,500 ಮಂದಿ ಹೆಚ್ಚುವರಿಯಾಗಿ ರಸ್ತೆಯಲ್ಲೇ ಸತ್ತರು ಎಂದು ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆನ್ಜರ್ ಅಂದಾಜು ಮಾಡಿದ್ದಾರೆ. ಅವರ ಹೆಸರಿನಲ್ಲಿ ಯಾರೂ ಮೇಣದಬತ್ತಿ ಹಚ್ಚಲಿಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಮಂಗಳೂರಿನ ತನಿಖೆ. ಅಂದು ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ಇರಬೇಕಾದ್ದಕ್ಕಿಂತ ವೇಗವಾಗಿ ರನ್‌ವೇಯತ್ತ ಬರುತ್ತಿತ್ತು. ಇಳಿಸುವುದು ಬೇಡ, ಮೇಲೇರಿ ಇನ್ನೊಂದು ಸುತ್ತು ಹಾಕೋಣ ಎಂದು ಪಕ್ಕದಲ್ಲಿದ್ದ ಸಹ ಪೈಲಟ್ ಒಂದಲ್ಲ, ಮೂರು ಸಲ ಹೇಳಿದ್ದರು. 'ಗೋ ಅರೌಂಡ್' ಎನ್ನುತ್ತಾರೆ ಅದಕ್ಕೆ. ಮುಖ್ಯ ಪೈಲಟ್ ಕೇಳಲಿಲ್ಲ, ಇಳಿಸಿಯೇಬಿಟ್ಟರು. ಹೆದರಿದವರು ಸರಿಯಾಗಿದ್ದರು. ಹೆದರದವರ ಕೈಯಲ್ಲಿ ವಿಮಾನವಿತ್ತು.

ಇದನ್ನು ಓದಿದ ಮೇಲೆ ಸೋಗಾನೆಯ ಮೋಡದೊಳಗಿಂದ ಒಂದು ವಿಮಾನ ಗುಂಯ್‌ಗುಡುತ್ತ ವಾಪಸ್ಸು ಹೋದರೆ ನನಗೆ ಸಿಟ್ಟು ಬರುವುದಿಲ್ಲ. ರನ್‌ವೇ ಇಷ್ಟು ದೂರದಿಂದ ಕಾಣಲೇಬೇಕು, ಕಾಣದಿದ್ದರೆ ಇಳಿಯಕೂಡದು ಎಂದು ಯಾರೋ ಪುಕ್ಕಲರು ಎಲ್ಲೋ ಕುಳಿತು ಬರೆದಿಟ್ಟಿದ್ದಾರೆ. ಬರೆದದ್ದನ್ನು ಪಾಲಿಸುವ ಇನ್ನೊಬ್ಬ ಪುಕ್ಕಲ ಮುಂದಿನ ಸೀಟಿನಲ್ಲಿದ್ದಾನೆ. ವಿಮಾನಯಾನವೆಂಬುದೇ ಹೀಗೆ ಸಾಲಾಗಿ ನಿಂತ ಅಂಜುಕುಳಿಗಳ ಉದ್ಯೋಗ. ಸಾವಿರಾರು ಗಂಟೆ ಹಾರಿಸಿದ ಪೈಲಟ್ ಕೂಡ ಹೊರಡುವ ಮುನ್ನ ಪಟ್ಟಿ ಓದುತ್ತಾನೆ, ಬಾಯಿಪಾಠವಿದ್ದರೂ ಓದುತ್ತಾನೆ. ಅವನು ಓದಿದ್ದನ್ನು ಇನ್ನೊಬ್ಬ ನೋಡುತ್ತಾನೆ. ಒಂದು ಎಂಜಿನ್ ಕೈಕೊಟ್ಟೀತು ಎಂದು ಎರಡನೆಯದು, ಅದೊಂದೇ ಉಳಿದರೂ ವಿಮಾನ ಹಾರುವಂತಿರಬೇಕು ಎಂದು ಕಾನೂನು. ರೆಕ್ಕೆಯನ್ನಂತೂ, ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರಕ್ಕಿಂತ ಒಂದೂವರೆ ಪಟ್ಟು ತಡೆಯುತ್ತದೆ ಎಂದು ತೋರಿಸಿಕೊಟ್ಟ ಮೇಲೆಯೇ ಒಪ್ಪುತ್ತಾರೆ. ಕಿಟಕಿಯಿಂದ ನೋಡುವಾಗ ರೆಕ್ಕೆಯ ತುದಿ ಅಲುಗಿದರೆ ಮುರಿಯಿತು ಎಂದು ಎದೆ ಹಿಡಿದುಕೊಳ್ಳುತ್ತೇವೆ. ಗಾಳಿಗೆ ಬಾಗದ ಅಡಿಕೆ ಮರ ಎಷ್ಟು ದಿನ ನಿಂತೀತು ಎಂದು ಚಿಕ್ಕಪ್ಪನನ್ನೇ ಕೇಳಿದೆ. ಆ ಒಂದು ಮಾತಿಗೆ ಅವರು ತಲೆಯಾಡಿಸಿದರು.

ಇನ್ನು ಘಾಟಿಯನ್ನು ನೋಡಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಜುಲೈ ತಿಂಗಳಲ್ಲಿ ಮಂಜು ಹೇಗೆ ಕವಿಯುತ್ತದೆಂದರೆ ವೈಪರ್ ಆಡುವುದು ಮಾತ್ರ ಕಾಣುತ್ತದೆ, ಅದರಾಚೆ ಏನೂ ಇಲ್ಲ. ಡ್ರೈವರ್ ಹಾರನ್ ಒತ್ತಿ, ಎದುರಿನಿಂದ ಉತ್ತರ ಬರಲಿಲ್ಲವಾದ್ದರಿಂದ ಎದುರು ಯಾರೂ ಇಲ್ಲವೆಂದು ತೀರ್ಮಾನಿಸಿ ತಿರುಗಿಸುತ್ತಾನೆ. ಈ ತರ್ಕದ ಮೇಲೆ ಮೂವತ್ತು ಜನರ ಸಂಸಾರಗಳು ನಿಂತಿರುತ್ತವೆ. ಆ ಮೂವತ್ತು ಜನರಲ್ಲಿ ಅರ್ಧದಷ್ಟು ನಿದ್ದೆಯಲ್ಲಿ, ಉಳಿದರ್ಧ ಅಡಿಕೆ ಧಾರಣೆಯ ಮಾತಿನಲ್ಲಿ. "ಮಂಜು ಹೆಚ್ಚಾಗಿದೆ, ಇವತ್ತು ಬಸ್ಸು ತೀರ್ಥಹಳ್ಳಿಗೆ ವಾಪಸ್ಸು" ಎಂದು ಯಾವನಾದರೂ ಡ್ರೈವರ್ ಹೇಳಿದರೆ ಅವನ ಗತಿಯೇನು? ಚಿಕ್ಕಪ್ಪನೇ ಮೊದಲು ಎದ್ದು ನಿಲ್ಲುತ್ತಾರೆ. ಅಲ್ಲಿ ಹೆದರುವ ಕೆಲಸವನ್ನು ಯಾರೂ ವಹಿಸಿಕೊಂಡಿಲ್ಲ. ಅಪಘಾತವಾದರೆ ತಡೆಗೋಡೆಗೆ ಸುಣ್ಣ ಬಳಿದು, 'ಅಪಘಾತ ವಲಯ' ಎಂದು ಹಲಗೆ ನೆಟ್ಟು, ಮುಂದಿನ ಬಸ್ಸು ಬಿಡುತ್ತಾರೆ. ವಿಮಾನ ಬಿದ್ದರೆ ಕಿತ್ತಳೆ ಬಣ್ಣದ ಆ ಕಪ್ಪುಪೆಟ್ಟಿಗೆಯನ್ನು ಹುಡುಕಿ ತೆಗೆದು, ಒಂದೊಂದು ಮಾತು, ಒಂದೊಂದು ಸದ್ದು ಬಿಡಿಸಿ ನೋಡಿ, ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ತಿಳಿದಿದ್ದರೂ ವಿಮಾನದೊಳಗೆ ಕುಳಿತಾಗ ನನ್ನ ಅಂಗೈ ಒದ್ದೆಯಾಗುವುದು ನಿಂತಿಲ್ಲ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ತಟ್ಟನೆ ಇಳಿಯುತ್ತದಲ್ಲ, ಏರಲು ಬೇಕಾದ ಪೂರ್ತಿ ಬಲ ಸಾಕೆಂದು ಪೈಲಟ್ ತಗ್ಗಿಸುತ್ತಿದ್ದಾನೆ ಎಂದು ಬುದ್ಧಿಗೆ ಗೊತ್ತು. ಹೊಟ್ಟೆಗೆ ಗೊತ್ತಿಲ್ಲ. ದೊಡ್ಡ ಜೆಟ್ ವಿಮಾನದಲ್ಲಿ ಇನ್ನೊಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಹೊರಗೆ ಎಷ್ಟೇ ಎತ್ತರವಿರಲಿ, ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಅಂದರೆ ನಾನು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೇನೆ, ಅಷ್ಟೇ. ಇದು ಎರಡು ನಿಮಿಷ ಕೆಲಸ ಮಾಡುತ್ತದೆ.

ಕೊನೆಗೆ ಚಿಕ್ಕಪ್ಪನೂ ಹತ್ತಿದರು. ಬೆಂಗಳೂರಿನಲ್ಲಿ ಮೊಮ್ಮಗಳ ನಾಮಕರಣ, ರೈಲಿನಲ್ಲಿ ಸೀಟಿರಲಿಲ್ಲ, ಬಸ್ಸಿನಲ್ಲಿ ರಾತ್ರಿಯೆಲ್ಲ ಕೂರಲು ಸೊಂಟ ಒಪ್ಪಲಿಲ್ಲ. ಎಟಿಆರ್‌ನಲ್ಲಿ ರೆಕ್ಕೆ ತಲೆಯ ಮೇಲಿರುತ್ತದೆ, ಮಧ್ಯದ ಸಾಲುಗಳ ಕಿಟಕಿಯಿಂದ ನೋಡಿದರೆ ಚಕ್ರ ಮಡಿಚಿಕೊಂಡು ಒಳಹೋಗುವುದು, ಮತ್ತೆ ಹೊರಬರುವುದು ಕಣ್ಣೆದುರೇ ನಡೆಯುತ್ತದೆ. ಸುಮ್ಮನೆ ಬಾಯಿ ತಪ್ಪಿ ಇದನ್ನು ಹೇಳಿದ್ದೆ. ಅವರು ಹಟ ಹಿಡಿದು ಅಲ್ಲಿಯೇ ಸೀಟು ಹಾಕಿಸಿಕೊಂಡರು. ದಾರಿಯುದ್ದಕ್ಕೂ ಗಗನಸಖಿ ಕೊಟ್ಟ ನೀರನ್ನೂ ಮುಟ್ಟದೆ ಚಕ್ರ ಇರುವ ಜಾಗವನ್ನೇ ನೋಡುತ್ತ ಕುಳಿತಿದ್ದರಂತೆ. ಬೆಂಗಳೂರು ಹತ್ತಿರವಾಗಿ ಅದು ಹೊರಗೆ ಬಂದದ್ದೇ, "ಬಂತು, ಬಂತು, ಎರಡೂ ಇಳಿಯಿತು" ಎಂದು ಅಕ್ಕಪಕ್ಕದವರಿಗೆಲ್ಲ ಗಟ್ಟಿಯಾಗಿ ತಿಳಿಸಿದರು. ಅವರ ಕಡೆಯ ಕಿಟಕಿಯಿಂದ ಕಾಣುವುದು ಒಂದೇ ಬದಿ, ಆದ್ದರಿಂದ ಇನ್ನೊಂದು ಬದಿಯದನ್ನು ನೋಡಿ ಹೇಳುವಂತೆ ಆಚೆ ಸಾಲಿನ ಹುಡುಗನೊಬ್ಬನನ್ನು ಹೊರಡುವಾಗಲೇ ನೇಮಿಸಿದ್ದರು.