ಬಡ್ಡಿ ಎಷ್ಟು ಬರುತ್ತದೆ ಎಂದು ಕೇಳುವವರಿಗೆ

ಕಳೆದ ಭಾನುವಾರ ಸಿಂಧನೂರಿನಿಂದ ಕಾಕಾ ಬಂದಿದ್ದರು. ಭತ್ತ ಮಾರಿದ ದುಡ್ಡು ಕೈಗೆ ಬಂದಿದೆ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ವಾಟ್ಸಾಪ್‌ನಲ್ಲಿ ಬಂದ ಒಂದು ಬಣ್ಣದ ಚಿತ್ರ. ‘ಸ್ಟೇಕಿಂಗ್ ಮಾಡಿ, ತಿಂಗಳಿಗೆ ಶೇ. 8 ಖಚಿತ ಬಡ್ಡಿ’ ಎಂದು ಬರೆದಿತ್ತು. ಕೆಳಗೆ ಒಂದು ಫೋನ್ ನಂಬರ್.

“ನೀನೂ ಇದನ್ನೇ ಮಾಡ್ತೀಯಲ್ಲೋ ತಮ್ಮಾ. ಮೂರು ಲಕ್ಷ ಹಾಕಬೇಕಂತ ಮಾಡೀನಿ. ನಿನಗೆಷ್ಟು ಬಡ್ಡಿ ಬೀಳ್ತದ?”

ನನಗೆ ಒಳಗೆ ಸಂಕಟವಾಯಿತು. ಸ್ಟೇಕಿಂಗ್ ಎಂಬ ಈ ಕ್ರಿಪ್ಟೋ ಲೋಕದ ಮಾತು ಕಾಕಾ ಕಿವಿಗೆ ಮೊದಲು ಬಿದ್ದದ್ದೇ ನಮ್ಮ ಮನೆಯಲ್ಲಿ. ಈಗ ಅದೇ ಮಾತನ್ನು ಹಿಡಿದು ಯಾರೋ ಅವರ ಒಂದು ಬೆಳೆಯ ದುಡ್ಡು ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ರಾಯಚೂರಿನ ನಮ್ಮ ಮನೆಯ ನಡುಮನೆಯಲ್ಲಿ, ಟಿವಿ ಪಕ್ಕದ ಮೇಲಿನ ಹಲಗೆಯ ಮೇಲೆ ಒಂದು ಚಿಕ್ಕ ಕಂಪ್ಯೂಟರ್ ಪೆಟ್ಟಿಗೆ ಇದೆ. ಟಿಫಿನ್ ಡಬ್ಬಿಯಷ್ಟೇ ಇದೆ. ಒಳಗೆ 32 ಜಿಬಿ ರ್‍ಯಾಮ್, 4 ಟಿಬಿಯ ಎಸ್‌ಎಸ್‌ಡಿ. ಅದು ಇಥೀರಿಯಂ ಎಂಬ ಕ್ರಿಪ್ಟೋ ಜಾಲದ ವ್ಯಾಲಿಡೇಟರ್, ಅಂದರೆ ಅಲ್ಲಿನ ವ್ಯವಹಾರ ಸರಿ ಇದೆಯಾ ಎಂದು ನೋಡುವ ಕಂಪ್ಯೂಟರ್. ಹಗಲು ರಾತ್ರಿ ನಡೆಯುತ್ತದೆ. ಸುಮಾರು 30 ವ್ಯಾಟ್ ಕರೆಂಟ್ ಬೇಕು, ಅಂದರೆ ತಿಂಗಳಿಗೆ 22 ಯೂನಿಟ್ ಆಸುಪಾಸು. ತಲೆ ಮೇಲಿನ ಫ್ಯಾನ್ ಇದಕ್ಕಿಂತ ಜಾಸ್ತಿ ತಿನ್ನುತ್ತದೆ. ಕ್ರಿಪ್ಟೋ ಅಂದರೆ ಮನೆ ತುಂಬಾ ಮೆಷಿನ್ ಇಟ್ಟು ಕರೆಂಟ್ ಸುಡುವುದು ಅಲ್ವಾ ಎಂದು ಬಹಳ ಜನ ಕೇಳುತ್ತಾರೆ. ಇಥೀರಿಯಂನಲ್ಲೂ ಮೊದಲು ಹಾಗೇ ಇತ್ತು. 2022ರ ಸೆಪ್ಟೆಂಬರ್ 15ರಂದು ಆ ಮೆಷಿನ್ ಕೆಲಸ, ಅಂದರೆ ಮೈನಿಂಗ್, ನಿಂತಿತು. ಆವತ್ತಿನಿಂದ ಆ ಜಾಲದ ಕರೆಂಟ್ ಖರ್ಚು ಶೇ. 99ಕ್ಕಿಂತ ಜಾಸ್ತಿ ಇಳಿಯಿತು.

ಈ ಪೆಟ್ಟಿಗೆ ಮಾಡುವುದು ಸಾಕ್ಷಿ ಹೇಳುವ ಕೆಲಸ. ಊರಲ್ಲಿ ಪಂಚನಾಮೆ ಮಾಡುವಾಗ ಪಂಚರು ನಿಂತು ನೋಡಿ ರುಜು ಹಾಕುತ್ತಾರಲ್ಲ, ಹಾಗೆ. ಜಾಲದಲ್ಲಿ 12 ಸೆಕೆಂಡಿಗೊಮ್ಮೆ ಹೊಸ ಬ್ಲಾಕ್, ಅಂದರೆ ವ್ಯವಹಾರಗಳ ಒಂದು ಕಟ್ಟು, ಬರುವ ಸಮಯ. ಅಂಥ 32 ಸರದಿ ಸೇರಿದರೆ ಒಂದು ಎಪಾಕ್, 6 ನಿಮಿಷ 24 ಸೆಕೆಂಡ್. ಪ್ರತಿ ಎಪಾಕ್‌ನಲ್ಲಿ ನನ್ನ ಪೆಟ್ಟಿಗೆ ಒಂದು ಸಲ ‘ಈ ಬ್ಲಾಕ್ ನೋಡಿದೆ, ಸರಿ ಇದೆ’ ಎಂದು ರುಜು ಹಾಕಬೇಕು. ದಿನಕ್ಕೆ 225 ಸಲ. ಸರದಿ ಬಂದಾಗ ಬ್ಲಾಕನ್ನು ತಾನೇ ಕಟ್ಟಬೇಕು. ಆ ಸರದಿ ಚೀಟಿ ಎತ್ತಿದ ಹಾಗೆ ಬರುತ್ತದೆ. ಜಾಲದಲ್ಲಿ ಹತ್ತು ಲಕ್ಷ ವ್ಯಾಲಿಡೇಟರ್ ಇದ್ದರೆ ನಾಲ್ಕೈದು ತಿಂಗಳಿಗೊಮ್ಮೆ.

ಈ ಕೆಲಸಕ್ಕೆ ಸೇರಲು 32 ಈಥರ್ (ಇಥೀರಿಯಂ ಜಾಲದ ನಾಣ್ಯ) ಜಾಮೀನು ಇಡಬೇಕು. ಸ್ಟೇಕ್ ಅಂದರೆ ಇಷ್ಟೇ, ಜಾಮೀನು. ನನ್ನದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಉಳಿಸಿದ ದುಡ್ಡು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕ್ರಿಪ್ಟೋ ವ್ಯವಹಾರದ ಮೇಲಿನ ರಿಸರ್ವ್ ಬ್ಯಾಂಕಿನ ನಿರ್ಬಂಧವನ್ನು ರದ್ದು ಮಾಡಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೊಂಡದ್ದು. ಆಗ ರೇಟು ಬಹಳ ಕಡಿಮೆ ಇತ್ತು. ಇವತ್ತು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. 2021ರ ನವೆಂಬರ್‌ನಲ್ಲಿ 4,800 ಡಾಲರ್ ಮುಟ್ಟಿದ್ದ ಈಥರ್, 2022ರ ಜೂನ್‌ನಲ್ಲಿ ಸಾವಿರ ಡಾಲರ್‌ಗಿಂತ ಕೆಳಗೆ ಬಿತ್ತು. ಅಷ್ಟು ಏರಿಳಿತವನ್ನು ತಡೆಯುವ ಶಕ್ತಿ ಒಂದು ಬೆಳೆಯ ದುಡ್ಡಿಗೆ ಇಲ್ಲ.

ಹಾಗಾದರೆ ಎಷ್ಟು ಬರುತ್ತದೆ? ವರ್ಷಕ್ಕೆ ಶೇ. 3ರ ಆಸುಪಾಸು. ತಿಂಗಳಿಗಲ್ಲ, ವರ್ಷಕ್ಕೆ. ಅದೂ ಈಥರ್ ಲೆಕ್ಕದಲ್ಲಿ, ರೂಪಾಯಿ ಲೆಕ್ಕದಲ್ಲಿ ಅಲ್ಲ. ಜಾಮೀನು ಇಡುವವರು ಜಾಸ್ತಿಯಾದಷ್ಟೂ ಅದು ಇಳಿಯುತ್ತದೆ. ಯಾರೂ ಖಚಿತ ಎಂದು ಬರೆದುಕೊಡುವುದಿಲ್ಲ.

ಇದನ್ನು ಬಡ್ಡಿ ಎಂದು ಕರೆಯುವುದೇ ತಪ್ಪು ಎಂದು ನನ್ನ ಗಟ್ಟಿ ಅಭಿಪ್ರಾಯ. ಇದು ಕೂಲಿ. ಬಡ್ಡಿ ನೀವು ಮಲಗಿದ್ದರೂ ಬೆಳೆಯುತ್ತದೆ. ಕೂಲಿ ಕೆಲಸಕ್ಕೆ ಹಾಜರಿದ್ದವನಿಗೆ ಮಾತ್ರ. ಪೆಟ್ಟಿಗೆ ನಿಂತರೆ ಆ ದಿನದ ಕೂಲಿ ಇಲ್ಲ, ಜೊತೆಗೆ ಸಣ್ಣ ದಂಡ.

ಇದು ನನಗೆ ಕಂಪ್ಯೂಟರ್‌ನಿಂದ ತಿಳಿದದ್ದಲ್ಲ. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಕೊನೆ ಭಾಗ ಅಂದರೆ ಏನು ಎಂದು ಸಿಂಧನೂರು, ಮಾನ್ವಿ ಕಡೆಯವರಿಗೆ ಹೇಳಬೇಕಿಲ್ಲ. ಮೇಲಿನವರ ಗದ್ದೆ ತುಂಬಿ ಉಳಿದದ್ದು ನಮಗೆ. ನಮ್ಮ ಸರದಿ ಬಹಳ ಸಲ ರಾತ್ರಿಯೇ ಬರುತ್ತಿತ್ತು. ಅಪ್ಪ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಹೋಗಿ ಕೂರುತ್ತಿದ್ದರು. ನಾನು ಕಂಬಳಿ ಹೊದ್ದು ಬದುವಿನ ಮೇಲೆ. ಕಣ್ಣು ಮುಚ್ಚಿದರೆ ಯಾರೋ ತೂಬಿಗೆ ಮಣ್ಣು ಹಾಕಿ ಹೋಗಿರುತ್ತಿದ್ದರು. ನೀರು ಕಾಯುವುದು ಹಣ ತರುವ ಕೆಲಸ ಎಂದು ಅಪ್ಪ ಯಾವತ್ತೂ ಹೇಳಲಿಲ್ಲ. ಕಾಯದಿದ್ದರೆ ಪೈರು ಇಲ್ಲ, ಅಷ್ಟೇ. ಎಷ್ಟು ತಾಸು ನೀರು ಬಂತು ಎಂಬುದಕ್ಕೆ ಅಲ್ಲಿ ಎದ್ದು ಕೂತವರೇ ಸಾಕ್ಷಿ.

ಈಗ ನಿರ್ವಹಣೆಯ ಮಾತು. ಇದರ ನಿಜವಾದ ಶ್ರಮ ಇರುವುದು ಇಲ್ಲೇ.

ರಾಯಚೂರಿನ ಬೇಸಿಗೆ ನಿಮಗೆ ಗೊತ್ತು. ಏಪ್ರಿಲ್, ಮೇನಲ್ಲಿ ಗೋಡೆ ಮುಟ್ಟಿದರೆ ಕೈ ಬಿಸಿಯಾಗುತ್ತದೆ. ಪೆಟ್ಟಿಗೆಯೊಳಗಿನ ಎಸ್‌ಎಸ್‌ಡಿ ಬರೆಯುತ್ತಲೇ ಇರುತ್ತದೆ, ಅದಕ್ಕೆ ವಿಶ್ರಾಂತಿಯೇ ಇಲ್ಲ. ಮೊದಲ ಬೇಸಿಗೆಯಲ್ಲಿ ಅದು 75 ಡಿಗ್ರಿ ದಾಟಿತ್ತು. ಬಿಸಿ ಜಾಸ್ತಿಯಾದರೆ ಅದು ತಾನೇ ನಿಧಾನವಾಗುತ್ತದೆ, ನಿಧಾನವಾದರೆ ರುಜು ತಡವಾಗುತ್ತದೆ. ಅದರ ಮೇಲೊಂದು ಹೀಟ್‌ಸಿಂಕ್ ಕೂರಿಸಿದೆ, ಪಕ್ಕದಲ್ಲಿ ಸಣ್ಣ ಫ್ಯಾನ್ ಇಟ್ಟೆ. ಆಮೇಲೆ ಧೂಳು. ಎರಡು ತಿಂಗಳಿಗೊಮ್ಮೆ ಪೆಟ್ಟಿಗೆ ಬಿಚ್ಚಿ ಬ್ಲೋವರ್ ಹೊಡೆಯುತ್ತೇನೆ. ಪ್ರತಿ ಸಲ ಒಂದು ಹಿಡಿ ಧೂಳು ಬರುತ್ತದೆ.

ಕರೆಂಟ್‌ಗೆ ಇನ್ವರ್ಟರ್ ಇದೆ, 150 ಎಎಚ್‌ನ ಬ್ಯಾಟರಿ. ಹೊಸಬರು ಮರೆಯುವುದು ಇಂಟರ್‌ನೆಟ್ ಪೆಟ್ಟಿಗೆಯನ್ನು. ಕಂಪ್ಯೂಟರ್ ಇನ್ವರ್ಟರ್ ಮೇಲಿದ್ದು, ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಪ್ಲಗ್‌ನಲ್ಲಿದ್ದರೆ ಏನು ಉಪಯೋಗ? ಮೂರನ್ನೂ ಒಂದೇ ಲೈನಿಗೆ ಹಾಕಿ. ಗಡಿಯಾರವನ್ನೂ ನೋಡಿಕೊಳ್ಳಬೇಕು. ಬ್ಲಾಕ್ ಬರುವ ಸಮಯ ಶುರುವಾಗಿ 4 ಸೆಕೆಂಡಿಗೆ ಸಾಕ್ಷಿ ಹೊರಡಬೇಕು. ಕಂಪ್ಯೂಟರ್ ಗಡಿಯಾರ ಒಂದೆರಡು ಸೆಕೆಂಡ್ ಹಿಂದೆ ಬಿದ್ದರೂ ಕೂಲಿ ಕಡಿತವಾಗುತ್ತದೆ. ಕ್ರೋನಿ ಎಂಬ ಸಣ್ಣ ಪ್ರೋಗ್ರಾಂ ಹಾಕಿದರೆ ಸಾಕು.

2024ರ ಬೇಸಿಗೆಯಲ್ಲಿ ಕೊಪ್ಪಳದಲ್ಲಿ ತಂಗಿಯ ಮೈದುನನ ಮದುವೆ. ಮನೆಯವರೆಲ್ಲಾ ಹೋಗಿದ್ದೆವು. ರಾತ್ರಿ ರಾಯಚೂರಿನಲ್ಲಿ ಗಾಳಿ ಮಳೆ, ತಂತಿ ಕಡಿದು ಬಿದ್ದಿತು. ಒಂಬತ್ತು ತಾಸು ಕರೆಂಟ್ ಇಲ್ಲ, ಇನ್ವರ್ಟರ್ ಬರಿದಾಯಿತು. ಬೆಳಿಗ್ಗೆ ಮೊಬೈಲ್ ನೋಡಿದರೆ ವ್ಯಾಲಿಡೇಟರ್ ಸತ್ತಿದೆ. ನನಗೆ ಕೈ ನಡುಕ. ಅಲ್ಲಿದ್ದ ಸೋದರಳಿಯ ಕಂಪ್ಯೂಟರ್ ಓದುವ ಹುಡುಗ. “ಮಾಮ, ನಿಮ್ಮ ರುಜು ಹಾಕೋ ಕೀ ಪೆನ್‌ಡ್ರೈವ್‌ನ್ಯಾಗ ಅದಲ್ಲ, ನನ್ನ ಲ್ಯಾಪ್‌ಟಾಪ್‌ನ್ಯಾಗ ಎಬ್ಬಿಸಿಬಿಡೋಣ” ಎಂದ. ನಾನು ಪೆನ್‌ಡ್ರೈವ್ ಕೈಗೆ ತೆಗೆದುಕೊಂಡೇಬಿಟ್ಟಿದ್ದೆ.

ಆಮೇಲೆ ತಲೆಗೆ ಹೊಳೆಯಿತು. ಈಗ ಇಲ್ಲಿ ಎಬ್ಬಿಸಿದೆ ಎಂದುಕೊಳ್ಳಿ. ಅಲ್ಲಿ ಕರೆಂಟ್ ಬಂದು ಮನೆ ಪೆಟ್ಟಿಗೆಯೂ ಎದ್ದರೆ? ಒಂದೇ ಕೀ, ಎರಡು ಬಾಯಿ. ಎರಡೂ ಒಂದೇ ಹೊತ್ತಿಗೆ ಬೇರೆ ಬೇರೆ ಸಾಕ್ಷಿ ಹೇಳುತ್ತವೆ. ಒಂದೇ ಹೊಲವನ್ನು ಇಬ್ಬರಿಗೆ ಮಾರಿದ ಹಾಗೆ. ಇದಕ್ಕೆ ಸ್ಲ್ಯಾಶಿಂಗ್ ಎನ್ನುತ್ತಾರೆ. ಜಾಮೀನಿನಲ್ಲಿ ಒಂದು ಪಾಲು ಕಡಿತ, ಜಾಲದಿಂದ ಹೊರಗೆ. ಸುಮಾರು 36 ದಿನ ಜಾಮೀನು ಕೈಗೆ ಸಿಗುವುದಿಲ್ಲ. ಅದೇ ಹೊತ್ತಿನಲ್ಲಿ ಬಹಳ ಜನ ಹೀಗೇ ಸಿಕ್ಕಿಬಿದ್ದಿದ್ದರೆ ದಂಡ ಇನ್ನೂ ದೊಡ್ಡದು. ವ್ಯಾಲಿಡೇಟರ್ ನಡೆಸುವ ಸಾಫ್ಟ್‌ವೇರ್‌ಗೆ ಕ್ಲೈಂಟ್ ಎನ್ನುತ್ತಾರೆ. ಕೆಲವು ಕ್ಲೈಂಟ್‌ಗಳಲ್ಲಿ ಒಂದು ಕಾವಲು ಇದೆ. ಎದ್ದ ಕೂಡಲೇ ಎರಡು ಮೂರು ಎಪಾಕ್ ಸುಮ್ನೆ ಕೂತು, ಇದೇ ಕೀ ಬೇರೆಡೆ ಮಾತಾಡುತ್ತಿದೆಯಾ ಎಂದು ನೋಡುತ್ತದೆ. ಆದರೆ ಮನೆ ಪೆಟ್ಟಿಗೆ ಆಫ್ ಆಗಿದ್ದಾಗ ಆ ಕಾವಲಿಗೆ ಏನು ಕೇಳಿಸೀತು?

ಪೆನ್‌ಡ್ರೈವ್ ಒಳಗಿಟ್ಟೆ. ಮದುವೆ ಮುಗಿಸಿ ರಾಯಚೂರಿಗೆ ಬಂದೆ. ಕರೆಂಟ್ ಬಂದು ಬಹಳ ಹೊತ್ತಾಗಿತ್ತು, ಪೆಟ್ಟಿಗೆ ಮಾತ್ರ ಎದ್ದಿರಲಿಲ್ಲ. ಕರೆಂಟ್ ಬಂದಾಗ ತಾನೇ ಆನ್ ಆಗು ಎಂಬ ಬಯೋಸ್ ಸೆಟ್ಟಿಂಗ್ ನಾನು ಹಾಕಿರಲಿಲ್ಲ. ಒಟ್ಟು 31 ತಾಸು ಬಂದ್. ಎಷ್ಟು ನಷ್ಟವಾಯಿತು ಗೊತ್ತಾ? ಹೆಚ್ಚುಕಡಿಮೆ ಎರಡು ಎರಡೂವರೆ ದಿನದ ಕೂಲಿ. ಅಷ್ಟೇ. ಹೊಸದಾಗಿ ಶುರು ಮಾಡುವವರಿಗೆ ಕೈ ಮುಗಿದು ಹೇಳುತ್ತೇನೆ: ನಿಂತರೆ ನಿಲ್ಲಲಿ, ಅವಸರದಲ್ಲಿ ಎರಡು ಕಡೆ ಎಬ್ಬಿಸಬೇಡಿ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ವ್ಯಾಲಿಡೇಟರ್ ನಡೆಸಲು ಎರಡು ಸಾಫ್ಟ್‌ವೇರ್ ಬೇಕು. ಒಂದು ವ್ಯವಹಾರಗಳನ್ನು ನಡೆಸಿ ಲೆಕ್ಕ ಇಡುವುದು: ಗೆತ್, ನೆದರ್‌ಮೈಂಡ್, ಬೇಸು ಇತ್ಯಾದಿ. ಇನ್ನೊಂದು ಸಾಕ್ಷಿಯ ಕೆಲಸದ್ದು: ಪ್ರಿಸಂ, ಲೈಟ್‌ಹೌಸ್, ಟೆಕು, ನಿಂಬಸ್, ಲೋಡ್‌ಸ್ಟಾರ್. ಎಲ್ಲರೂ ಒಂದನ್ನೇ ಹಾಕಿಕೊಂಡರೆ, ಅದರಲ್ಲಿ ತಪ್ಪಿದ್ದರೆ ಎಲ್ಲರೂ ಒಟ್ಟಿಗೆ ತಪ್ಪು ಸಾಕ್ಷಿ ಹೇಳುತ್ತಾರೆ. 2023ರ ಮೇ 11 ಮತ್ತು 12ರಂದು ಪ್ರಿಸಂ, ಟೆಕು ಓಡಿಸುತ್ತಿದ್ದ ಬಹಳ ಕಂಪ್ಯೂಟರ್‌ಗಳು ಭಾರ ತಾಳದೆ ಮಂಕಾದವು. ಜಾಲದ ಬ್ಲಾಕ್‌ಗಳಿಗೆ ‘ಇನ್ನು ಬದಲಾಗದು’ ಎಂಬ ಅಂತಿಮ ಮುದ್ರೆ ಸ್ವಲ್ಪ ಹೊತ್ತು ಬೀಳಲಿಲ್ಲ. ಆದರೂ ಬ್ಲಾಕ್‌ಗಳು ನಿಲ್ಲಲಿಲ್ಲ, ಬೇರೆ ಕ್ಲೈಂಟ್ ಹಾಕಿದವರು ನಡೆಸುತ್ತಲೇ ಇದ್ದರು. ನಾನು ಬೇಸು ಮತ್ತು ನಿಂಬಸ್ ಹಾಕಿರುವುದು ಇದೇ ಕಾರಣಕ್ಕೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಹೋಯಿತಲ್ಲ, ಆವತ್ತು ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಅವ್ವ ಟಿವಿ ಮುಂದೆ ಕೂತು ಕೇಳಿದ್ದು ಒಂದೇ ಮಾತು: “ಉಳಿದ 32 ಗೇಟಿಗೂ ಅಂಥವೇ ಚೈನ್ ಏನು?” ಕ್ಲೈಂಟ್ ಆರಿಸುವಾಗ ನಾನು ಇವತ್ತಿಗೂ ಅವ್ವನ ಆ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇನೆ.

ಮನೆಯಲ್ಲೇ ಯಾಕೆ ಇಡಬೇಕು, ಬಾಡಿಗೆ ಸರ್ವರ್‌ನಲ್ಲಿ ಇಡಬಹುದಲ್ಲ ಎಂದು ಗೆಳೆಯರು ಕೇಳುತ್ತಾರೆ. ಇಡಬಹುದು, ಸುಲಭ ಕೂಡ. ಆದರೆ 2022ರ ನವೆಂಬರ್‌ನಲ್ಲಿ ಜರ್ಮನಿಯ ಹೆಟ್ಜ್ನರ್ ಕಂಪನಿ ತನ್ನ ಸರ್ವರ್‌ಗಳಲ್ಲಿದ್ದ ಸೋಲಾನಾ ಎಂಬ ಇನ್ನೊಂದು ಕ್ರಿಪ್ಟೋ ಜಾಲದ ವ್ಯಾಲಿಡೇಟರ್‌ಗಳನ್ನು ಬಂದ್ ಮಾಡಿತು. ಆ ಜಾಲದ ದೊಡ್ಡ ಪಾಲು ಒಮ್ಮೆಲೇ ಮಾಯ. ಸಾಕ್ಷಿಗಳೆಲ್ಲಾ ಒಬ್ಬನ ಮನೆಯಲ್ಲೇ ಬಾಡಿಗೆಗೆ ಇದ್ದರೆ ಅದು ಎಂಥ ಪಂಚಾಯ್ತಿ? ರಾಯಚೂರಿನ ಒಂದು ಹಲಗೆಯ ಮೇಲಿನ ಪೆಟ್ಟಿಗೆಗೆ ಅದಕ್ಕೇ ಬೆಲೆ ಇದೆ ಎಂದು ನಂಬಿದ್ದೇನೆ. ಬಳ್ಳಾರಿಯಲ್ಲಿ ಒಂದು, ಗಂಗಾವತಿಯಲ್ಲಿ ಒಂದು ಎದ್ದರೆ ಇನ್ನೂ ಖುಷಿ.

ಆದರೆ ಸಾಲ ಮಾಡಿ ಬೇಡ. ಹೊಲ ಅಡ ಇಟ್ಟು ಖಂಡಿತ ಬೇಡ. ಕಲಿಯಲು ಒಂದು ರೂಪಾಯಿಯ ಈಥರ್ ಕೂಡ ಬೇಕಿಲ್ಲ. ಅಭ್ಯಾಸಕ್ಕೆಂದೇ ಹೂಡಿ ಎಂಬ ಟೆಸ್ಟ್‌ನೆಟ್ ಇದೆ, 2025ರ ಮಾರ್ಚ್‌ನಲ್ಲಿ ಶುರುವಾದದ್ದು. ಅಲ್ಲಿ ಜಾಮೀನಿನ ಈಥರ್‌ಗೆ ಬೆಲೆ ಇಲ್ಲ, ಕೆಲಸ ಮಾತ್ರ ಪೂರ್ತಿ ಇದೇ. ನಾನೂ ಹಿಂದಿನ ಟೆಸ್ಟ್‌ನೆಟ್‌ನಲ್ಲಿ ಎಂಟು ತಿಂಗಳು ಓಡಿಸಿ, ಇಟ್ಟ ಜಾಮೀನನ್ನು ವಾಪಸ್ ತೆಗೆಯುವ ದಾರಿ 2023ರ ಏಪ್ರಿಲ್‌ನಲ್ಲಿ ತೆರೆದ ಮೇಲೆಯೇ ನಿಜವಾದದ್ದಕ್ಕೆ ಇಳಿದದ್ದು. ತೆರಿಗೆಯ ಲೆಕ್ಕವೂ ತಲೆಯಲ್ಲಿರಲಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಮಾರಿದ ಲಾಭಕ್ಕೆ ಶೇ. 30 ತೆರಿಗೆ, ನಷ್ಟವನ್ನು ಬೇರೆ ಲಾಭದಲ್ಲಿ ಕಳೆಯುವಂತಿಲ್ಲ. ಬಂದ ಪ್ರತಿ ಕೂಲಿಯನ್ನೂ ತಾರೀಖು ಹಾಕಿ ಬರೆದಿಟ್ಟು ಸಿಎ ಅವರಿಗೆ ಕೊಡುತ್ತೇನೆ.

ಮನೆಯಾಕೆಗೆ ಒಂದು ನೋಟ್‌ಬುಕ್ ಬರೆದುಕೊಟ್ಟಿದ್ದೇನೆ, ಕನ್ನಡದಲ್ಲಿ. ಪೆಟ್ಟಿಗೆ ಹೇಗೆ ನಿಲ್ಲಿಸಬೇಕು, ವ್ಯಾಲಿಡೇಟರ್‌ನಿಂದ ಹೊರಬರುವುದು ಹೇಗೆ, ಕೀ ಕಳೆದರೆ ಅದನ್ನು ಮತ್ತೆ ಪಡೆಯುವ 24 ಗುಟ್ಟಿನ ಪದಗಳನ್ನು ಯಾರು ಕೇಳಿದರೂ ಯಾಕೆ ಹೇಳಬಾರದು. ಎರಡು ಸಲ ಅವಳ ಕೈಯಿಂದಲೇ ಟೆಸ್ಟ್‌ನೆಟ್‌ನಲ್ಲಿ ಮಾಡಿಸಿದ್ದೇನೆ. ನನಗೆ ಏನಾದರೂ ಆದರೆ ಅವಳು ಯಾರ ಮುಂದೆಯೂ ಹೋಗಿ ನಿಲ್ಲಬಾರದು.

ಕಾಕಾಗೆ ಇಷ್ಟನ್ನೂ ಹೇಳಿದೆ. ಪರದೆಯ ಮೇಲೆ ನನ್ನ ವ್ಯಾಲಿಡೇಟರ್ ನಂಬರ್ ತೋರಿಸಿದೆ. ಪ್ರತಿ ವ್ಯಾಲಿಡೇಟರ್‌ಗೂ ಒಂದು ನಂಬರ್ ಇರುತ್ತದೆ. ಅದರ ಪ್ರತಿ ಸಾಕ್ಷಿಯನ್ನೂ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು, ಮುಚ್ಚಿಡಲು ಸಾಧ್ಯವೇ ಇಲ್ಲ. ಆಮೇಲೆ ಆ ಚಿತ್ರದಲ್ಲಿದ್ದ ನಂಬರ್‌ಗೆ ಕಾಕಾ ಫೋನಿನಿಂದಲೇ ಫೋನ್ ಮಾಡಿ, ಸ್ಪೀಕರ್ ಹಾಕಿ ಕೇಳಿದೆ: “ನಮ್ಮ ದುಡ್ಡು ಯಾವ ವ್ಯಾಲಿಡೇಟರ್‌ಗೆ ಹೋಗುತ್ತದೆ ಸರ್? ನಂಬರ್ ಕೊಡಿ.” ಆ ಮನುಷ್ಯ ಅದೆಲ್ಲಾ ಕಂಪನಿಯ ಒಳಗಿನ ವಿಷಯ ಎಂದ. ಗುರುವಾರದೊಳಗೆ ಕಟ್ಟಿದರೆ ಶೇ. 9 ಕೊಡುತ್ತೇನೆ ಎಂದ.

ನಂಬರ್ ಕೊಟ್ಟ ಮಾತ್ರಕ್ಕೆ ನಂಬಬೇಕು ಎಂದಲ್ಲ, ಬೇರೆಯವರ ನಂಬರ್ ತೋರಿಸುವವರೂ ಇರುತ್ತಾರೆ. ಆದರೆ ಅದನ್ನೂ ಕೊಡದವನ ಹತ್ತಿರ ಮಾತು ಮುಂದುವರಿಸಬೇಡಿ.

ಕಾಕಾ ಏನೂ ಹೇಳಲಿಲ್ಲ. ರಾತ್ರಿ ಇಲ್ಲೇ ಉಳಿದರು. ಹನ್ನೊಂದಕ್ಕೆ ಕರೆಂಟ್ ಹೋಯಿತು, ಇನ್ವರ್ಟರ್ ಟಕ್ ಎಂದಿತು, ಪೆಟ್ಟಿಗೆಯ ಹಸಿರು ದೀಪ ಹಾಗೇ ಉರಿಯಿತು. ಕತ್ತಲಲ್ಲಿ ಅದನ್ನೇ ನೋಡುತ್ತಾ, “ನಿಮ್ಮಪ್ಪ ತೂಬಿನ ಹತ್ರ ಹಿಂಗೇ ಕೂಡ್ತಿದ್ದ” ಎಂದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರು. ದುಡ್ಡಿನ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ. ಬುಧವಾರ ಸಂಜೆ ನಾನೇ ಸಿಂಧನೂರಿಗೆ ಹೋಗುತ್ತಿದ್ದೇನೆ. ಅದೇ ಚಿತ್ರ ಅಲ್ಲಿ ಇನ್ನೂ ನಾಲ್ಕು ಮನೆಗೆ ಬಂದಿದೆಯಂತೆ, ಅವರನ್ನೂ ಕೂರಿಸಿ ಮಾತಾಡಬೇಕು.